ಬಾಣಸವೆರ್ಗಡೆಯೂ ಬಾಣಸಿಗನೂ

ಟಿ.ವಿ. ಪರದೆಯ ಮೇಲೆ ಅಡುಗೆ ಮಾಡಿ ತೋರಿಸುವವರು ಇಂದು ಸಿನಿಮಾ ನಟರಷ್ಟೇ ಮನೆಮಾತು. ನಟರೇ ಸೌಟು ಹಿಡಿದು ಅಡುಗೆಮನೆಗೆ ಬಂದದ್ದೂ ಉಂಟು. ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ' ಕನ್ನಡಿಗರಿಗೆ ಗೊತ್ತಿರುವ ಉದಾಹರಣೆ. ಇಂಥ ಕಾರ್ಯಕ್ರಮಗಳಲ್ಲಿ ರುಚಿಯ ಜೊತೆಗೆ ಆರೋಗ್ಯದ ಮಾತೂ ತಪ್ಪದೆ ಬರುತ್ತದೆ. ಎಣ್ಣೆ ಕಡಿಮೆ ಮಾಡಿ, ಸೊಪ್ಪು ಹೆಚ್ಚು ತಿನ್ನಿ, ಅಕ್ಕಿಯ ಬದಲು ಸಿರಿಧಾನ್ಯ ಬಳಸಿ ಎಂಬ ಉಪದೇಶ ಒಗ್ಗರಣೆಯ ಸದ್ದಿನ ನಡುವೆಯೇ ಕೇಳಿಸುತ್ತದೆ.

ಅಡುಗೆಯಿಂದ ಕೀರ್ತಿ ಗಳಿಸುವುದು ಹೊಸ ಕಾಲದ ವಿದ್ಯಮಾನ ಎಂದು ತೋರುವುದು ಸಹಜ. ಆದರೆ ಕನ್ನಡ ನಾಡಿನಲ್ಲಿ ಅಡುಗೆಮನೆಯ ಕೀರ್ತಿಗೆ ಕನಿಷ್ಠ ಸಾವಿರ ವರ್ಷದ ಚರಿತ್ರೆ ಇದೆ. ಆ ಕೀರ್ತಿ ಸಲ್ಲುತ್ತಿದ್ದುದು ಮಾತ್ರ ಒಲೆಯ ಮುಂದೆ ಕುಳಿತವನಿಗಲ್ಲ. ಈ ವಿಚಿತ್ರವನ್ನು ಅರಿಯಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಈ ಎರಡು ತಾಲ್ಲೂಕುಗಳ ಶಾಸನಗಳಲ್ಲಿ ಯುದ್ಧ, ದಾನ, ವೀರಮರಣಗಳ ನಡುವೆ ಅನ್ನದ ಸಂಗತಿ ಮತ್ತೆ ಮತ್ತೆ ಬರುತ್ತದೆ.

ಮೊದಲು ಪುರಾಣದ ಇಬ್ಬರು ಬಾಣಸಿಗರನ್ನು ನೆನೆಯಬೇಕು. ಮದುವೆ ಮನೆಯ ಊಟ ಚೆನ್ನಾಗಿದ್ದರೆ ಇಂದಿಗೂ ಜನ 'ನಳಪಾಕ', 'ಭೀಮಪಾಕ' ಎನ್ನುತ್ತಾರೆ. ನಳ ನಿಷಧ ದೇಶದ ರಾಜ; ರಾಜ್ಯ ಕಳೆದುಕೊಂಡು, ರೂಪ ಕೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಆಶ್ರಯದಲ್ಲಿದ್ದವನು. ದಮಯಂತಿ ತನ್ನ ಗಂಡನನ್ನು ಗುರುತಿಸಿದ್ದರಲ್ಲಿ ಅವನು ಬೇಯಿಸಿದ ಮಾಂಸದ ರುಚಿಯ ಪಾಲೂ ಇದೆ. ಭೀಮನೋ ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ಒಂದು ವರ್ಷ ಕಳೆದವನು. ಇಬ್ಬರೂ ಅಡುಗೆಗೆ ಇಳಿದದ್ದು ಯಾರೂ ತಮ್ಮನ್ನು ಗುರುತಿಸಬಾರದು ಎಂದು. ರಾಜನೊಬ್ಬ ಅಡಗಿಕೊಳ್ಳಲು ಅಡುಗೆಮನೆಗಿಂತ ಸುರಕ್ಷಿತ ಸ್ಥಳವಿಲ್ಲ ಎಂದು ಕಥೆಗಾರರಿಗೆ ತೋರಿತ್ತು ಎಂದರೆ, ಆ ಕಾಲದಲ್ಲಿ ಅಡುಗೆಯವನ ಮುಖವನ್ನು ಯಾರೂ ನೋಡುತ್ತಿರಲಿಲ್ಲ ಎಂದೇ ಅರ್ಥ.

ಕಥೆಯಿಂದ ಶಾಸನಕ್ಕೆ ಬಂದರೆ ಚಿತ್ರ ಇನ್ನಷ್ಟು ಸ್ವಾರಸ್ಯಕರ. ಹಳಗನ್ನಡದಲ್ಲಿ ಅಡುಗೆಮನೆಗೆ 'ಬಾಣಸ' ಎಂದು ಹೆಸರು. ಸಂಸ್ಕೃತದ 'ಮಹಾನಸ'ದಿಂದ ಬಂದ ಮಾತು. ಅಲ್ಲಿ ದುಡಿಯುವವನು ಬಾಣಸಿಗ. ಅದರ ಮೇಲ್ವಿಚಾರಕ 'ಬಾಣಸವೆರ್ಗಡೆ'. ಈ 'ವೆರ್ಗಡೆ' ಎಂಬುದು 'ಪೆರ್ಗಡೆ'ಯ ರೂಪ. ಅದೇ ಮುಂದೆ ಹೆಗ್ಗಡೆ, ಹೆಗಡೆ ಆಯಿತು. ಸೊರಬ, ಸಾಗರ, ಶಿರಸಿಗಳ ಕಡೆ ಮನೆಮನೆಗೂ ಇರುವ ಈ ಹೆಸರಿನ ಹಿಂದೆ ಒಂದು ಕಾಲದ ಅಧಿಕಾರಸ್ಥಾನ ಅಡಗಿದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1100ರ ಆಚೀಚಿನ ವರ್ಷಗಳಲ್ಲಿ, ಬನವಾಸಿ ಪನ್ನಿರ್ಚ್ಛಾಸಿರ ಅಂದರೆ ಬನವಾಸಿ 12000 ಪ್ರಾಂತ್ಯ ಅನಂತಪಾಲನೆಂಬ ಅಧಿಕಾರಿಯ ಕೈಯಲ್ಲಿತ್ತು. ಅವನ ಸಂಬಂಧಿ ಗೋವಿಂದರಸ ಇಲ್ಲಿದ್ದು ಆಡಳಿತ ನಡೆಸಿದ. ಪ್ರಾಂತ್ಯದ ರಾಜಧಾನಿ ಬಳ್ಳಿಗಾವೆ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಶಾಸನಗಳು ಅನಂತಪಾಲನಿಗೆ ಕೊಡುವ ಬಿರುದುಗಳಲ್ಲಿ ಮಹಾಪ್ರಧಾನ, ದಂಡನಾಯಕ ಎಂಬುವುಗಳ ಜೊತೆಗೆ ಬಾಣಸವೆರ್ಗಡೆ ಎಂಬುದೂ ಸೇರಿದೆ. ಸೈನ್ಯ ನಡೆಸುವವನು, ತೆರಿಗೆ ಎತ್ತುವವನು, ಅರಮನೆಯ ಅಡುಗೆಮನೆಯ ಯಜಮಾನನೂ ಹೌದು! ಇವನು ಬೇಳೆ ಬೇಯಿಸಿದವನಲ್ಲ ಎಂಬುದನ್ನು ಹೇಳಬೇಕಿಲ್ಲ. ಆದರೂ ಆ ಹೆಸರನ್ನು ದಂಡನಾಯಕನೊಬ್ಬ ಕಲ್ಲಿನ ಮೇಲೆ ಅಭಿಮಾನದಿಂದ ಕೆತ್ತಿಸಿಕೊಂಡ ಎಂಬುದು ಗಮನಾರ್ಹ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ರಾಜನ ಪ್ರಾಣ ಅವನ ಅಡುಗೆಮನೆಯವರ ಕೈಯಲ್ಲಿತ್ತು. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಶುರುವಾಗುವುದೇ ಈ ವಿಷಯದಿಂದ. ರಾಜನ ಅಡುಗೆಮನೆಗೆ ವೈದ್ಯನ ಕಣ್ಗಾವಲಿರಬೇಕು, ಅಲ್ಲಿನವರು ಶುಚಿಯಾಗಿ, ಉಗುರು ಕೂದಲು ಕತ್ತರಿಸಿಕೊಂಡು ಇರಬೇಕು ಎಂದು ಅದು ವಿಧಿಸುತ್ತದೆ. ವಿಷ ಬೆರೆತ ಅನ್ನವನ್ನು ಬೆಂಕಿಗೆ ಹಾಕಿದರೆ ಚಟಚಟ ಸದ್ದಾಗುತ್ತದೆ, ಜ್ವಾಲೆ ನವಿಲಿನ ಕೊರಳ ಬಣ್ಣಕ್ಕೆ ತಿರುಗುತ್ತದೆ, ಚಕೋರ ಪಕ್ಷಿಯ ಕಣ್ಣು ಬಣ್ಣಗೆಡುತ್ತದೆ ಎಂದೆಲ್ಲ ಪರೀಕ್ಷೆಗಳನ್ನು ಹೇಳುತ್ತದೆ. ಈ ಪರೀಕ್ಷೆಗಳನ್ನು ಈಗಿನ ರಸಾಯನಶಾಸ್ತ್ರ ಒಪ್ಪಲಾರದು. ಆದರೆ ಆರೋಗ್ಯಕರ ಅಡುಗೆ ಎಂಬ ಕಲ್ಪನೆ ಹುಟ್ಟಿದ್ದರಲ್ಲಿ ವಿಷದ ಭಯಕ್ಕೂ ಪಾಲಿದೆ. ವೈದ್ಯನೂ ಬಾಣಸಿಗನೂ ಒಂದೇ ಸೂರಿನ ಕೆಳಗೆ ನಿಂತದ್ದು ಹಾಗೆ.

ಬಳ್ಳಿಗಾವೆಯಲ್ಲಿ ಚಾಲುಕ್ಯ ಜಯಸಿಂಹನ ಅಧಿಕಾರ ನಡೆಯುತ್ತಿದ್ದ ದಿನಗಳಲ್ಲಿಯೇ, 1025ರ ಸುಮಾರಿಗೆ, ಅವನ ಆಶ್ರಯದಲ್ಲಿದ್ದ ಚಾವುಂಡರಾಯನೆಂಬ ಕವಿ 'ಲೋಕೋಪಕಾರ'ವನ್ನು ಬರೆದ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ಪಂಚಾಂಗ, ವಾಸ್ತು, ಅಂತರ್ಜಲ ಹುಡುಕುವ ವಿದ್ಯೆ, ಗಿಡಮರಗಳ ಆರೈಕೆ, ಸುಗಂಧ, ವೈದ್ಯ, ಶಕುನ ಹೀಗೆ ಗೃಹಸ್ಥನಿಗೆ ಬೇಕಾದದ್ದೆಲ್ಲವನ್ನೂ 12 ಅಧ್ಯಾಯಗಳಲ್ಲಿ ತುಂಬಿದ ಈ ಗ್ರಂಥದ ಒಂದು ಅಧ್ಯಾಯ ಸೂಪಶಾಸ್ತ್ರಕ್ಕೆ ಮೀಸಲು. 'ಸೂಪ' ಎಂದರೆ ಬೇಳೆಯ ತೊವ್ವೆ. ಇಡೀ ಪಾಕವಿದ್ಯೆಗೆ ತೊವ್ವೆಯ ಹೆಸರನ್ನೇ ಇಟ್ಟ ಹಿರಿಯರಿಗೆ ಊಟದ ಸಾರ ಎಲ್ಲಿದೆ ಎಂಬುದು ತಿಳಿದಿತ್ತು.

ಲೋಕೋಪಕಾರದ ಇಡ್ಡಲಿಗೆಯನ್ನು ಆಹಾರ ಇತಿಹಾಸಕಾರರು ಬಹಳ ಚರ್ಚಿಸಿದ್ದಾರೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಿ ಮಾಡುವ ತಿಂಡಿ ಅದು. ಅದಕ್ಕೂ ಸುಮಾರು 100 ವರ್ಷ ಹಿಂದಿನ 'ವಡ್ಡಾರಾಧನೆ'ಯಲ್ಲಿಯೇ ಇಡ್ಡಲಿಗೆಯ ಹೆಸರು ಬರುತ್ತದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚಯ ಅವರು ಈ ಹಳೆಯ ಇಡ್ಡಲಿಗೆಗೂ ಇಂದಿನ ಇಡ್ಲಿಗೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿಸಿದರು: ಅದರಲ್ಲಿ ಅಕ್ಕಿ ಇಲ್ಲ, ರಾತ್ರಿಯಿಡೀ ಹುಳಿ ಬರಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಸ್ಪಷ್ಟ ಸೂಚನೆ ಇಲ್ಲ. ಅಕ್ಕಿಯಿಲ್ಲದ ಇಡ್ಲಿಯನ್ನು ಹೊಸ ಆವಿಷ್ಕಾರವೆಂಬಂತೆ ಸಾರುವ ಇಂದಿನ ಪಥ್ಯ ಪಂಡಿತರು ಈ ಮಾಹಿತಿಯನ್ನು ಒಮ್ಮೆ ಗಮನಿಸುವುದು ಒಳ್ಳೆಯದು. ಮುಂದೆ ಅಕ್ಕಿ ಸೇರಿದ್ದರಿಂದ ನಷ್ಟವೇನೂ ಆಗಲಿಲ್ಲ. ಅಕ್ಕಿಯ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸೀನ್ ಉದ್ದಿನಲ್ಲಿದೆ. ಉದ್ದಿನಲ್ಲಿ ಕೊರತೆಯಿರುವ ಮಿಥಿಯೋನಿನ್ ಅಕ್ಕಿಯಿಂದ ದೊರೆಯುತ್ತದೆ. ಹಿಟ್ಟು ಹುಳಿಯಾದಾಗ ಕೆಲವು ಬಿ ಗುಂಪಿನ ಜೀವಸತ್ವಗಳೂ ಹೆಚ್ಚುತ್ತವೆ. ಈ ಜೋಡಣೆಯನ್ನು ಮೊದಲು ಮಾಡಿದ ಅಡುಗೆಯಾತ ಅಥವಾ ಅಡುಗೆಯಾಕೆಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

1129ರಲ್ಲಿ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅದರ ಅನ್ನಭೋಗದ ಭಾಗ ಚಕ್ರವರ್ತಿಯ ಊಟದ ಎಲೆಯನ್ನೇ ಕಣ್ಣೆದುರು ಹರಡುತ್ತದೆ. ಇಡ್ಲಿ, ದೋಸೆ, ವಡೆಗಳ ಪೂರ್ವಜರ ಪಕ್ಕದಲ್ಲಿಯೇ ಹಂದಿ, ಮೀನು, ಏಡಿ, ಆಮೆ, ಕೊನೆಗೆ ಹೊಲದ ಇಲಿಯವರೆಗೆ ಅಡುಗೆಯ ಕ್ರಮವಿದೆ. ದಕ್ಷಿಣದ ಅರಸರ ಊಟವೆಂದರೆ ಬರೀ ಸೊಪ್ಪು ಸಾರು ಎಂದುಕೊಂಡವರಿಗೆ ಇದು ಅಚ್ಚರಿ ತರಬಹುದು. ಋತುವಿಗೆ ತಕ್ಕ ಊಟದ ವಿವರವೂ ಇದೆ: ವಸಂತದಲ್ಲಿ ಖಾರ, ಗ್ರೀಷ್ಮದಲ್ಲಿ ಸಿಹಿ ಮತ್ತು ತಂಪು, ಮಳೆಗಾಲದಲ್ಲಿ ಉಪ್ಪು, ಹೀಗೆ. ಅನ್ನ ಬೆಂದ ಮೇಲೆ ಗಂಜಿಯನ್ನು ಬಸಿದು ತೆಗೆಯಬೇಕೆಂದೂ ಹೇಳಿದೆ. ಗಂಜಿಯ ಜೊತೆ ಒಳ್ಳೆಯ ಸತ್ವವೂ ಬಸಿದುಹೋಗುತ್ತದೆ ಎಂದು 20ನೇ ಶತಮಾನದ ವಿಜ್ಞಾನ ಹೇಳಿತು. ಚಕ್ರವರ್ತಿಯ ತಟ್ಟೆಗೆ ಬಿಳಿಯ ಅನ್ನ ಹೋದಾಗ ಗಂಜಿ ಯಾರ ಪಾಲಾಗುತ್ತಿತ್ತೋ, ಅವರು ಆ ಮಟ್ಟಿಗೆ ಲಾಭ ಪಡೆದವರೇ.

ಇಷ್ಟು ಅರಮನೆಯ ಮಾತಾಯಿತು. ಆರೋಗ್ಯ ಮತ್ತು ಆಹಾರದ ಸಂಬಂಧವನ್ನು ಬೇರೊಂದು ರೀತಿಯಲ್ಲಿ ಕಂಡ ಸ್ಥಳ ಅದೇ ಬಳ್ಳಿಗಾವೆಯಲ್ಲಿತ್ತು. ಊರಿನ ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಕೋಡಿಯ ಮಠ ಎಂಬ ಹೆಸರು. ಇಂದಿಗೂ ನಿಂತಿರುವ ಕೇದಾರೇಶ್ವರ ದೇವಾಲಯ ಆ ಮಠದ ಕೇಂದ್ರ. ಇದು ಕಾಳಾಮುಖ ಶೈವರ ಮಠ. ಕಾಳಾಮುಖರೆಂದರೆ ತಲೆಬುರುಡೆಯಲ್ಲಿ ಉಣ್ಣುವ ಭಯಂಕರ ಪಂಥದವರು ಎಂಬ ಚಿತ್ರ ಅವರ ವಿರೋಧಿಗಳ ಬರಹಗಳಿಂದ ಬಂದದ್ದು. ಬಳ್ಳಿಗಾವೆಯ ಶಾಸನಗಳು ತೋರಿಸುವ ಕಾಳಾಮುಖರು ವಿದ್ವಾಂಸರು, ಉಪಾಧ್ಯಾಯರು, ಅನ್ನದಾತರು.

1162ರ ಶಾಸನ ಕಳಚುರಿ ಬಿಜ್ಜಳನ ಕಾಲದ್ದು. ಆಗ ಮಠದ ಆಚಾರ್ಯ ವಾಮಶಕ್ತಿ ಪಂಡಿತ. ಇದರಲ್ಲಿ ಮಠದ ವರ್ಣನೆ ಒಂದು ದೀರ್ಘ ಪಟ್ಟಿಯಾಗಿ ಹರಿಯುತ್ತದೆ. ನಾಲ್ಕು ವೇದಗಳು, ಪಾಣಿನೀಯವೂ ಸೇರಿದಂತೆ ಹಲವು ವ್ಯಾಕರಣಗಳು, ಆರು ದರ್ಶನಗಳು, ಯೋಗಶಾಸ್ತ್ರ, 18 ಪುರಾಣಗಳು, ಕಾವ್ಯ, ನಾಟಕ ಇವೆಲ್ಲ ಅಲ್ಲಿ ಪಾಠವಾಗುತ್ತಿದ್ದವು. ಆಮೇಲೆ ಪಟ್ಟಿ ಇದ್ದಕ್ಕಿದ್ದಂತೆ ಊಟದ ಪಂಕ್ತಿಗೆ ತಿರುಗುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲು ಮದ್ದಳೆ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಪಂಥಗಳ ಭಿಕ್ಷುಕರು ಮತ್ತು ಸಂನ್ಯಾಸಿಗಳು, ಹಲವು ದೇಶಗಳಿಂದ ಬಂದವರು, ಇವರೆಲ್ಲರಿಗೂ ತಡೆಯಿಲ್ಲದೆ ಅನ್ನ ದೊರೆಯುವ ಸ್ಥಾನ ಇದು ಎನ್ನುತ್ತದೆ ಶಾಸನ. ಶೈವ ಮಠವೊಂದು ಉಣಬಡಿಸುವವರ ಪಟ್ಟಿಯಲ್ಲಿ ಜೈನ ಕ್ಷಪಣಕರೂ ಸೇರಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಅಷ್ಟಕ್ಕೇ ನಿಲ್ಲದೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೂ ಇದೇ ಎಂದು ಮುಂದುವರಿಯುತ್ತದೆ.

ಅಂದರೆ ಸುಶ್ರುತನ ಗ್ರಂಥದಲ್ಲಿ ರಾಜನೊಬ್ಬನಿಗಾಗಿ ಒಂದೆಡೆ ಸೇರಿದ್ದ ವೈದ್ಯ ಮತ್ತು ಬಾಣಸಿಗ ಇಲ್ಲಿ ಊರಿನ ಕುರುಡ ಕುಂಟರಿಗಾಗಿ ಸೇರಿದರು. ಶಾಸನದ ವರ್ಣನೆಯಲ್ಲಿ ಹೊಗಳಿಕೆಯ ಅಂಶ ಇದ್ದೇ ಇರುತ್ತದೆ. ಆದರೆ ಹೊಗಳುವವರು ಯಾವುದನ್ನು ಹೊಗಳಿಕೆಗೆ ಯೋಗ್ಯ ಎಂದು ಆರಿಸಿಕೊಂಡರು ಎಂಬುದೇ ಚರಿತ್ರೆಗೆ ಸಾಕ್ಷಿ. ಅನಂತಪಾಲನ ಕಾಲಕ್ಕೂ ಈ ಶಾಸನಕ್ಕೂ ನಡುವಿನ ಅಂತರ ಕೆಲವೇ ದಶಕಗಳದು. ಇದೇ ಬಿಜ್ಜಳನ ಕಲ್ಯಾಣದಲ್ಲಿ ಶರಣರು ದಾಸೋಹದ ತತ್ವವನ್ನು ಕಟ್ಟುತ್ತಿದ್ದ ದಶಕವೂ ಇದೇ. ಅವರಲ್ಲಿ ಅಲ್ಲಮ ಬಳ್ಳಿಗಾವೆಯವನು, ಅಕ್ಕಮಹಾದೇವಿ ಹತ್ತಿರದ ಉಡುತಡಿಯವಳು.

ಜೈನರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಅವರ ನಾಲ್ಕು ದಾನಗಳಲ್ಲಿ ಅನ್ನವೂ ಮದ್ದೂ ಜೊತೆಜೊತೆಗೆ ನಿಲ್ಲುತ್ತವೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಬಸದಿ ಕಟ್ಟಿಸಿ, ಅಗ್ರಹಾರದ ಬ್ರಾಹ್ಮಣರಿಂದಲೇ ಅದಕ್ಕೆ ಬ್ರಹ್ಮಜಿನಾಲಯ ಎಂದು ಹೆಸರಿಡಿಸಿದ್ದು 1077ರಲ್ಲಿ. ಉಣ್ಣುವುದಕ್ಕಷ್ಟೇ ಅಲ್ಲ, ಉಣ್ಣದಿರುವುದಕ್ಕೂ ಈ ನೆಲದಲ್ಲಿ ಶಾಸನವಿದೆ. ನಾಗರಖಂಡ 70ನ್ನು ಆಳಿದ ನಾಳ್ಗಾವುಂಡಿ ಜಕ್ಕಿಯಬ್ಬೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿಯಲ್ಲಿ ಆಹಾರ ತ್ಯಜಿಸಿ ಪ್ರಾಣ ಬಿಟ್ಟಳು.

ಮುಂದಿನ ಶತಮಾನಗಳಲ್ಲಿ ಪಾಕಗ್ರಂಥದ ಕೀರ್ತಿ ಮತ್ತೆ ಅರಸರ ಪಾಲಾಯಿತು. 16ನೇ ಶತಮಾನದ ಆರಂಭದಲ್ಲಿ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ ಮೂರನೇ ಮಂಗರಸ ಕಲ್ಲಹಳ್ಳಿಯ ಜೈನ ಪಾಳೆಯಗಾರ. ಶಿಕಾರಿಪುರ, ಸೊರಬಗಳನ್ನು ಆಳಿದ ಕೆಳದಿ ಮನೆತನದ ಬಸವಪ್ಪ ನಾಯಕ, ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ, 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ಮುಗಿಸಿದ. ಅಡುಗೆಮನೆ ಹೇಗಿರಬೇಕು, ಒಲೆ, ಪಾತ್ರೆಗಳು ಹೇಗಿರಬೇಕು, ಅಡುಗೆಯವನ ಗುಣಗಳೇನು ಎಂಬುದಕ್ಕೆ ಅದರಲ್ಲಿ ಜಾಗ ಸಿಕ್ಕಿದೆ. ಗೋವೆಯ ಪೋರ್ಚುಗೀಸರು ಕೆನರಾದ ಅಕ್ಕಿಗೆ ಕೈಯೊಡ್ಡುತ್ತಿದ್ದ ಕಾಲ ಅದು. ಅಕ್ಕಿ ಮತ್ತು ಮೆಣಸು ನಾಯಕರ ಬೊಕ್ಕಸವನ್ನು ತುಂಬಿದ್ದವು. ಚಾವುಂಡರಾಯನೊಬ್ಬನನ್ನು ಬಿಟ್ಟರೆ ನಳ, ಭೀಮ, ಸೋಮೇಶ್ವರ, ಮಂಗರಸ, ಬಸವಪ್ಪ ನಾಯಕ ಎಲ್ಲರೂ ಆಳುವ ವರ್ಗದವರೇ. ಅವರಿಗೆ ವಿಧಾನ ಹೇಳಿಕೊಟ್ಟ ಬಾಣಸಿಗರು ಪುಸ್ತಕದೊಳಗೆ ಬರಲಿಲ್ಲ.

ಧಾನ್ಯಗಳಿಗೂ ಇದೇ ಗತಿ. ಅರಮನೆಯ ಪಾಕಗ್ರಂಥಗಳ ಒಲವು ಅಕ್ಕಿ, ಗೋಧಿ, ಉದ್ದುಗಳ ಕಡೆಗೆ. ರಾಗಿಯ ಪರ ವಾದಿಸಿದವರು ಶಿಕಾರಿಪುರಕ್ಕೆ ಹೊಂದಿದ ಇಂದಿನ ಹಾವೇರಿ ಜಿಲ್ಲೆಯ ಕನಕದಾಸರು. ಅವರ 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ಸಾಮಾಜಿಕ ವ್ಯಂಗ್ಯ ಎಷ್ಟೋ ಅಷ್ಟೇ ಉಗ್ರಾಣದ ಅನುಭವವೂ ಈ ಕಥೆಯಲ್ಲಿದೆ: ರಾಗಿಗೆ ಹುಳು ಹಿಡಿಯುವುದು ಅಪರೂಪ, ವರ್ಷಗಟ್ಟಲೆ ಇಟ್ಟರೂ ಕೆಡದು. ಇಂದಿನ ಪೌಷ್ಟಿಕಾಂಶ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಮೈಸೂರಿನಲ್ಲಿದ್ದುಕೊಂಡು ಸಿರಿಧಾನ್ಯ ಪ್ರಚಾರ ಮಾಡಿದ ಡಾ. ಖಾದರ್ ವಲಿ ಅವರಿಗೆ ಅದೇ ವರ್ಷ ಪದ್ಮಶ್ರೀ ಬಂದಿತು. ಬಡವರ ಹಿಟ್ಟು ಪಟ್ಟಣದ ಅಂಗಡಿಗಳಲ್ಲಿ ಹೊಳೆಯುವ ಪೊಟ್ಟಣ ಸೇರಿತು. ಬೆಲೆಯೂ ಅದಕ್ಕೆ ತಕ್ಕಂತೆ ಏರಿತು.

ಗ್ರಂಥಗಳ ಗೊಡವೆಯಿಲ್ಲದೆ ನಡೆದುಬಂದ ಆರೋಗ್ಯದ ಅಡುಗೆಯೂ ಈ ಸೀಮೆಯಲ್ಲಿ ಉಂಟು. ಸೊರಬ, ಸಾಗರಗಳ ಕಡೆ ಒಂದೆಲಗ, ದೊಡ್ಡಪತ್ರೆ ಮುಂತಾದ ಸೊಪ್ಪುಗಳನ್ನು ಜೀರಿಗೆ, ಮೆಣಸು, ತೆಂಗಿನಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಮಳೆಗಾಲದಲ್ಲಿ ಕಳಲೆ, ಕೆಸುವಿನೆಲೆಯ ಪತ್ರೊಡೆ. ಕೆಸುವಿನ ತುರಿಕೆ ಹೋಗಲು ಹುಣಿಸೆಹುಳಿ ಬೇಕು, ಕಳಲೆಯನ್ನು ನೀರು ಬದಲಿಸುತ್ತ ನೆನೆಸಿ ಅದರ ನಂಜು ತೆಗೆಯಬೇಕು ಎಂಬುದು ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ಬಂದ ವಿದ್ಯೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇರುವುದು ನಿಜ. ಸುಶ್ರುತನ ಚಕೋರ ಪಕ್ಷಿಯ ಪರೀಕ್ಷೆಗಿಂತ ಈ ಹೆಂಗಸರ ವಿಷಜ್ಞಾನ ಹೆಚ್ಚು ಗಟ್ಟಿ ಎನ್ನಬೇಕು.

ಕೋಡಿಯ ಮಠದ ಪಂಕ್ತಿ ಯಾವಾಗಲೋ ಎದ್ದುಹೋಯಿತು. ಕಾಳಾಮುಖ ಪಂಥವೇ ಅಳಿಯಿತು. ಅದರ ದೂರದ ಉತ್ತರಾಧಿಕಾರಿಯನ್ನು ಇಂದು ಸರಕಾರಿ ಶಾಲೆಯ ಬಿಸಿಯೂಟದಲ್ಲಿ ಕಾಣಬಹುದು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ಹರಡಿದ ಈ ಯೋಜನೆಗೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಕೋಡಿಯ ಮಠದ ಶಾಸನ ವಿದ್ಯೆಯ ಪಟ್ಟಿಯಿಂದ ನೇರವಾಗಿ ಅನ್ನದ ಪಟ್ಟಿಗೆ ಜಾರುವುದನ್ನು ಕಂಡವರಿಗೆ ಈ ಹೆಸರು ಹಳೆಯ ಪರಿಚಯದಂತೆ ತೋರುತ್ತದೆ. ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್ ಎಂಬುದು ನಿಗದಿಯಾದ ಪ್ರಮಾಣ. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದೂ ಶುರುವಾಯಿತು. ಕನಕದಾಸರ ನಾಯಕ ಧಾನ್ಯ ಹೀಗೆ ಶಾಲೆಯ ಲೋಟಕ್ಕೆ ಬಂತು.

ಈ ಊಟವನ್ನು ಬೇಯಿಸುವವರು ಬಹುತೇಕ ಅದೇ ಊರಿನ ಹೆಂಗಸರು. ಅವರಿಗೆ ದೊರೆಯುವುದು ಗೌರವಧನ. ಸಂಬಳವೆಂಬ ಹೆಸರು ಅದಕ್ಕಿಲ್ಲ. ಹೆಚ್ಚಿನ ಗೌರವಧನಕ್ಕಾಗಿ ಅವರು ಬೆಂಗಳೂರಿಗೆ ಬಂದು ಧರಣಿ ಕುಳಿತದ್ದು ಹಲವು ಸಲ. ಅವರ ಅಡುಗೆಮನೆಗೂ ಒಂದು ನಿಯಮವಿದೆ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತ ಮೇಲೆ ಅದನ್ನು ಎಲ್ಲೆಡೆ ಬಿಗಿಗೊಳಿಸಲಾಯಿತು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ಊಟದ ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಾಗಿರಬೇಕು. ಒಂದು ಕಾಲಕ್ಕೆ ಬಳ್ಳಿಗಾವೆಯ ಅಧಿಕಾರಿಯ ಬಿರುದಿನಲ್ಲಿ ಸೇರಿದ್ದ ಆ ಹೊಣೆ ಈಗ ಹಳ್ಳಿಯ ಮೇಷ್ಟರ ಕೆಲಸಗಳಲ್ಲಿ ಒಂದು. ರುಚಿ ನೋಡಿದ ಮೇಲೆ ಅವರು ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ.